‘ಮಾಡು’: ಒಂದು ಕ್ರಿಯಾಪದದ ಚರಿತ್ರೆ

ಯಾವುದೇ ಭಾಷೆಯಲ್ಲಿ ಅತಿ ಹೆಚ್ಚು ದುಡಿಯುವ ಶಬ್ದಗಳೇ ಅತಿ ಕಡಿಮೆ ಗಮನ ಪಡೆಯುತ್ತವೆ. ಇಂಗ್ಲಿಷಿನ ‘ಡೂ’, ಮರಾಠಿಯ ‘ಕರಣೇ’, ಕನ್ನಡದ ‘ಮಾಡು’ ಇಂಥ ಶಬ್ದಗಳು. ಬೆಳಗ್ಗೆ ಸ್ನಾನ ಮಾಡುವುದರಿಂದ ರಾತ್ರಿ ನಿದ್ದೆ ಮಾಡುವವರೆಗೆ, ಸಾಲ ಮಾಡುವುದರಿಂದ ದಾನ ಮಾಡುವವರೆಗೆ, ತಪ್ಪು ಮಾಡುವುದರಿಂದ ಮನಸ್ಸು ಮಾಡುವವರೆಗೆ ನಮ್ಮ ದಿನವೆಲ್ಲ ಈ ಒಂದು ಧಾತುವಿನ ಹೆಗಲ ಮೇಲೆ ಸಾಗುತ್ತದೆ. ಆದರೂ ಅದರ ಚರಿತ್ರೆಯನ್ನು ಕೇಳುವವರು ವಿರಳ.

ನಾಡಿನ ಹೊರಗಿರುವ ಕನ್ನಡಿಗರಾದ ನಾವು ಮಕ್ಕಳ ಕನ್ನಡವನ್ನು ಅಳೆಯುವಾಗ ಸಾಮಾನ್ಯವಾಗಿ ನಾಮಪದಗಳನ್ನು ಎಣಿಸುತ್ತೇವೆ. ಮಗು ಎಷ್ಟು ಮರಾಠಿ ಶಬ್ದ ಬೆರೆಸಿತು, ಎಷ್ಟು ಇಂಗ್ಲಿಷ್ ಶಬ್ದ ಬೆರೆಸಿತು ಎಂದು ಲೆಕ್ಕ ಹಾಕುತ್ತೇವೆ. ಭಾಷೆಯ ಅಳಿವು ಉಳಿವು ನಿಜವಾಗಿ ತೀರ್ಮಾನವಾಗುವುದು ಬೇರೊಂದು ಕಡೆ, ಕ್ರಿಯಾಪದದಲ್ಲಿ. ‘ಮಾಡು’ ಎಂಬ ಒಂದೇ ಧಾತುವಿನ ಜಾಡು ಹಿಡಿದು ಹೊರಟರೆ ಈ ಮಾತು ಸ್ಪಷ್ಟವಾಗುತ್ತದೆ. ಅದಕ್ಕೆ ಮೊದಲು ಇಂಗ್ಲಿಷಿನ ‘ಡೂ’ ಎಲ್ಲಿಂದ ಬಂತೆಂದು ನೋಡುವುದು ಒಳ್ಳೆಯದು. ಆ ಚರಿತ್ರೆಯಲ್ಲಿ ನಮ್ಮ ಮನೆಯ ಶಬ್ದಗಳೂ ಸೇರಿಕೊಂಡಿವೆ.

‘ಡೂ’ ಎಂಬುದರ ಕುಲ

ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದದ ರೂಪ ‘ಡೋನ್’. ಜರ್ಮನ್ ಭಾಷೆಯ ‘ಟುನ್’, ಡಚ್ ಭಾಷೆಯ ‘ಡೂನ್’ ಇದರ ಒಡಹುಟ್ಟುಗಳು. ಇವೆಲ್ಲಕ್ಕೂ ಹಿಂದೆ, ಇಂಡೋ-ಯುರೋಪಿಯನ್ ಭಾಷೆಗಳ ಸಮಾನ ಮೂಲದಲ್ಲಿ, ‘ಇಡು’, ‘ಸ್ಥಾಪಿಸು’ ಎಂಬ ಅರ್ಥದ ಒಂದು ಧಾತುವಿತ್ತೆಂದು ಭಾಷಾವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಒಂದು ವಸ್ತುವನ್ನು ಅದರ ಸ್ಥಾನದಲ್ಲಿ ಇಡುವುದೇ ಕೆಲಸದ ಆದಿರೂಪ ಎಂಬ ಕಲ್ಪನೆ ಅಲ್ಲಿ ಅಡಗಿದೆ. ‘ಇಡು’ ಎಂಬ ಅರ್ಥ ಜರ್ಮಾನಿಕ್ ಶಾಖೆಯಲ್ಲಿ ‘ಮಾಡು’ ಎಂದು ಹರಡಿಕೊಂಡಿತು. ನಮ್ಮಲ್ಲಿಯೂ ಹೆಸರಿಡು, ಮೊರೆಯಿಡು, ಮುದ್ದಿಡು ಎನ್ನುವಾಗ ‘ಇಡು’ ಧಾತು ಹೆಚ್ಚುಕಡಿಮೆ ‘ಮಾಡು’ ಎಂಬುದರ ಕೆಲಸವನ್ನೇ ಮಾಡುತ್ತದೆ.

ಅದೇ ಮೂಲಧಾತು ಗ್ರೀಕಿನಲ್ಲಿ ‘ತಿಥೇಮಿ’ ಎಂದಾಯಿತು. ‘ಥೀಸಿಸ್’ ಎಂಬ ಶಬ್ದ ಅಲ್ಲಿಂದ ಬಂತು. ಲ್ಯಾಟಿನ್ನಿನಲ್ಲಿ ‘ಫಾಕೆರೆ’ ಎಂದಾಯಿತು; ‘ಫ್ಯಾಕ್ಟ್’, ‘ಫ್ಯಾಕ್ಟರಿ’ ಅಲ್ಲಿಂದ ಬಂದವು. ಸಂಸ್ಕೃತದಲ್ಲಿ ಅದು ‘ಧಾ’ ಎಂದು ನಿಂತಿತು. ವಿಧಿ, ವಿಧಾನ, ನಿಧಿ, ಸಂಧಿ, ಸಮಾಧಿ, ಸಮಾಧಾನ, ಅಭಿಧಾನ, ಪ್ರಧಾನ, ಶ್ರದ್ಧೆ ಇವೆಲ್ಲವೂ ಈ ಧಾತುವಿನ ಸಂತಾನ. ಆದ್ದರಿಂದ ಬೆಂಗಳೂರಿನ ವಿಧಾನಸೌಧದ ಹೆಸರಿನಲ್ಲಿಯೂ ಪಿಂಪ್ರಿ-ಚಿಂಚವಡದ ಫ್ಯಾಕ್ಟರಿಗಳ ಹೆಸರಿನಲ್ಲಿಯೂ ಒಂದೇ ಬೇರು ಇದೆ. ಇಂಗ್ಲಿಷಿನ ‘ಡೂಮ್’ ಕೂಡ ಇದೇ ಬಳ್ಳಿಯದು. ಮೊದಲು ಅದಕ್ಕೆ ‘ವಿಧಿಸಿದ ಕಟ್ಟಳೆ’, ‘ತೀರ್ಪು’ ಎಂಬ ಅರ್ಥವಿತ್ತು. ಬಳಿಕ ‘ತಪ್ಪಿಸಲಾಗದ ಗತಿ’ ಎಂಬ ಅರ್ಥ ಬಂತು. ನಮ್ಮ ‘ವಿಧಿ’ಯೂ ಹೀಗೆಯೇ ನಿಯಮ ಎಂಬ ಅರ್ಥದಿಂದ ಹಣೆಬರಹ ಎಂಬ ಅರ್ಥಕ್ಕೆ ನಡೆಯಿತು. ಸಾವಿರಾರು ಮೈಲು ದೂರದಲ್ಲಿ, ಪರಸ್ಪರ ಪರಿಚಯವಿಲ್ಲದೆ, ಒಂದೇ ಬೇರಿನ ಎರಡು ಶಬ್ದಗಳು ಒಂದೇ ದಾರಿ ಹಿಡಿದವು.

‘ಡೂ’ ಇಂಗ್ಲಿಷಿನಲ್ಲಿ ಇನ್ನೊಂದು ಕೆಲಸಕ್ಕೂ ನೇಮಕವಾಯಿತು. ಹಿಂದೆ ಪ್ರಶ್ನೆ ಕೇಳಲು ಕ್ರಿಯಾಪದವನ್ನು ಕರ್ತೃವಿನ ಮುಂದೆ ತಂದರೆ ಸಾಕಾಗುತ್ತಿತ್ತು. 16ನೆಯ ಶತಮಾನದ ಹೊತ್ತಿಗೆ ಪ್ರಶ್ನೆಗೂ ನಿಷೇಧಕ್ಕೂ ‘ಡೂ’ ಎಂಬ ಸಹಾಯಕನನ್ನು ಕರೆಯುವ ರೂಢಿ ಬಲವಾಗತೊಡಗಿತು. ಷೇಕ್ಸ್‌ಪಿಯರ್‌ನ ಕಾಲದಲ್ಲಿ ಎರಡೂ ಬಗೆಗಳು ಜೊತೆಯಾಗಿ ಬಳಕೆಯಲ್ಲಿದ್ದವು. ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಇಂಗ್ಲಿಷಿನ ‘ಡೂ’ ಸಹಾಯಕ್ಕೆ ಬಂದಾಗ ಮುಖ್ಯ ಕ್ರಿಯಾಪದವನ್ನು ಹೊರಗೆ ಕಳುಹಿಸಲಿಲ್ಲ. ತಿನ್ನುವುದು, ಹೋಗುವುದು, ನೋಡುವುದು ಇವಕ್ಕಿದ್ದ ಆ ಭಾಷೆಯ ಸ್ವಂತ ಶಬ್ದಗಳು ವಾಕ್ಯದಲ್ಲಿ ತಮ್ಮ ಜಾಗದಲ್ಲಿಯೇ ಉಳಿದವು. ಈ ಅಂಶವನ್ನು ನೆನಪಿನಲ್ಲಿಟ್ಟುಕೊಂಡು ಕನ್ನಡಕ್ಕೆ ಬರೋಣ.

‘ಗೆಯ್’ ಮತ್ತು ‘ಮಾಡು’

‘ಮಾಡು’ ಎಂಬುದರ ಕೊನೆಯಲ್ಲಿ ‘ಡೂ’ ಕೇಳಿಸುತ್ತದೆ. ‘ಮಾಡಿದ’ ಎಂಬುದರಲ್ಲಿ ಇಂಗ್ಲಿಷಿನ ‘ಮೇಡ್’ ಕೇಳಿಸುತ್ತದೆ. ಎರಡೂ ಕಿವಿಗೆ ಆಗುವ ಮೋಸ. ಶಬ್ದಗಳ ನಂಟು ನಿರ್ಧಾರವಾಗುವುದು ಒಂದೆರಡು ಅಕ್ಷರಗಳ ಹೋಲಿಕೆಯಿಂದಲ್ಲ, ಹಲವಾರು ಶಬ್ದಗಳಲ್ಲಿ ನಿಯಮಬದ್ಧವಾಗಿ ಮರುಕಳಿಸುವ ಧ್ವನಿಸಾಮ್ಯದಿಂದ. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಬಂಧುತ್ವವನ್ನು ಸಾರಿದ. 1816ರಲ್ಲಿ ಮದರಾಸಿನ ಫ್ರಾನ್ಸಿಸ್ ವೈಟ್ ಎಲ್ಲಿಸ್ ದಕ್ಷಿಣದ ಭಾಷೆಗಳು ಬೇರೊಂದು ಕುಟುಂಬಕ್ಕೆ ಸೇರಿದವೆಂದು ತೋರಿಸಿದ. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಆ ವಾದವನ್ನು ತೌಲನಿಕ ವ್ಯಾಕರಣವಾಗಿ ವಿಸ್ತರಿಸಿದ. ಹೀಗಾಗಿ ‘ಡೂ’ ಮತ್ತು ‘ಕರಣೇ’ ಎರಡೂ ಒಂದು ಮನೆತನದೊಳಗಿನ ಬೇರೆ ಬೇರೆ ಧಾತುಗಳು. ‘ಮಾಡು’ ಇನ್ನೊಂದು ಮನೆತನದ್ದು. ಮರಾಠಿಯ ‘ಕರ್’ ಸಂಸ್ಕೃತದ ‘ಕೃ’ ಧಾತುವಿನಿಂದ ಬಂದದ್ದು. ಕಾರ್ಯ, ಕರ್ಮ, ಕರ್ತೃ, ಸಂಸ್ಕಾರ ಎಂಬ ರೂಪಗಳಲ್ಲಿ ಆ ಧಾತುವೂ ನಮ್ಮ ಮನೆಯಲ್ಲಿದೆ.

ಹಳಗನ್ನಡದಲ್ಲಿ ‘ಮಾಡು’ ಏಕಾಂಗಿಯಾಗಿರಲಿಲ್ಲ. ಅದರ ಜೊತೆಗೆ ‘ಗೆಯ್’ ಎಂಬ ಸಮರ್ಥ ಧಾತುವಿತ್ತು. ‘ಕೆಯ್’ ಎಂಬುದೂ ಅದರದೇ ರೂಪ. ತಮಿಳಿನ ‘ಚೆಯ್’, ತೆಲುಗಿನ ‘ಚೇಯು’ ಇದರ ಸೋದರರು. ಕನ್ನಡದ ‘ಕ’ಕಾರ ತಮಿಳು ತೆಲುಗುಗಳಲ್ಲಿ ಇ, ಎ ಸ್ವರಗಳ ಮುಂದೆ ‘ಚ’ಕಾರವಾಗುವುದು ಒಂದು ವ್ಯಾಪಕ ನಿಯಮ. ನಮ್ಮ ‘ಕಿವಿ’ ಅವರ ‘ಚೆವಿ’. ನಮ್ಮ ‘ಕೆರೆ’ ತೆಲುಗಿನ ‘ಚೆರುವು’. ಅದೇ ನಿಯಮದಂತೆ ನಮ್ಮ ‘ಕೆಯ್’ ಅವರ ‘ಚೆಯ್’. ಈ ವಿಷಯದಲ್ಲಿ ಕನ್ನಡ ಹಳೆಯ ಧ್ವನಿಯನ್ನು ಬಿಡದೆ ಉಳಿಸಿಕೊಂಡಿದೆ.

ಶಾಸನಗಳಲ್ಲಿ ಅರಸರು ರಾಜ್ಯವನ್ನು ‘ಗೆಯ್ಯು’ತ್ತಾರೆ. ‘ರಾಜ್ಯಂಗೆಯ್ಯುತ್ತಿರೆ’ ಎಂಬುದು ಕಾಲವನ್ನು ಸೂಚಿಸುವ ರೂಢಿಯ ಒಕ್ಕಣೆ. ಕಾಲಕ್ರಮದಲ್ಲಿ ‘ಮಾಡು’ ಎಂಬುದರ ವ್ಯಾಪ್ತಿ ಹಿಗ್ಗಿತು, ‘ಗೆಯ್’ ಕುಗ್ಗಿತು. ಇಂದು ಅದು ಎರಡು ಕಡೆ ಬದುಕಿದೆ. ಒಂದು, ‘ಹತ್ಯೆಗೈದರು’, ‘ನಮನಗೈದರು’ ಎಂಬ ಪತ್ರಿಕೆಯ ಹಾಗೂ ಭಾಷಣದ ಕನ್ನಡದಲ್ಲಿ. ಇನ್ನೊಂದು, ಮೈಸೂರು ಮಂಡ್ಯ ಕಡೆಯ ರೈತರ ಬಾಯಲ್ಲಿ. ಅಲ್ಲಿ ಹೊಲದ ದುಡಿಮೆಗೆ ‘ಗೇಮೆ’ ಎನ್ನುತ್ತಾರೆ, ಹೊಲ ‘ಗೇಯು’ತ್ತಾರೆ. ಅರಸನ ಆಳ್ವಿಕೆಗೆ ಮೀಸಲಾಗಿದ್ದ ಧಾತು ಅರಸೊತ್ತಿಗೆ ಹೋದ ಮೇಲೆ ನೇಗಿಲು ಹಿಡಿದವರ ಬಳಿ ಉಳಿದುಕೊಂಡಿತು.

‘ಮಾಡು’ ಕೂಡ ತನ್ನ ಸಂಸಾರವನ್ನು ಬೆಳೆಸಿತು. ಆಡು ಆಟವಾದಂತೆ, ನೋಡು ನೋಟವಾದಂತೆ, ಓಡು ಓಟವಾದಂತೆ, ಮಾಡು ‘ಮಾಟ’ವಾಯಿತು. ಮಾಟವಾದ ಮೂಗು ಎಂದರೆ ಚೆನ್ನಾಗಿ ರೂಪುಗೊಂಡ ಮೂಗು. ಮಾಟಮಂತ್ರದ ಮಾಟವೂ ಇದೇ ಶಬ್ದ. ಕೊಡವ ನುಡಿಯಲ್ಲಿಯೂ ಕೆಲಸ ಮಾಡುವುದಕ್ಕೆ ಇದೇ ಧಾತು. ಕನ್ನಡದೊಳಗೇ ಅದು ಊರೂರಿಗೆ ಬೇರೆ ರಾಗ ಹಿಡಿಯುತ್ತದೆ. ಧಾರವಾಡದವರು ‘ಮಾಡಾಕತ್ತೀನಿ’ ಎಂದರೆ ಬೆಂಗಳೂರಿನವರು ‘ಮಾಡ್ತಾ ಇದೀನಿ’ ಎನ್ನುತ್ತಾರೆ. ನಿಗಡಿಯಲ್ಲಿ ನಾಲ್ಕು ಕನ್ನಡ ಮನೆಗಳು ಒಂದೆಡೆ ಸೇರಿದರೆ ಒಬ್ಬೊಬ್ಬರ ಮೂಲ ಜಿಲ್ಲೆಯನ್ನು ಈ ಒಂದು ಕ್ರಿಯಾಪದದಿಂದಲೇ ಗುರುತಿಸಬಹುದು.

ಬೆಳಗೊಳದ ಕಲ್ಲು

ಈ ಧಾತುವಿನ ಚರಿತ್ರೆಯಲ್ಲಿ ಮಹಾರಾಷ್ಟ್ರದ ಕನ್ನಡಿಗರಾದ ನಮಗೆ ಎಲ್ಲಕ್ಕಿಂತ ಹತ್ತಿರವಾದ ಸಾಕ್ಷ್ಯ ಇರುವುದು ಶ್ರವಣಬೆಳಗೊಳದಲ್ಲಿ. ವಿಂಧ್ಯಗಿರಿಯ ಮೇಲಿನ ಸುಮಾರು 57 ಅಡಿ ಎತ್ತರದ ಗೊಮ್ಮಟ ವಿಗ್ರಹವನ್ನು 10ನೆಯ ಶತಮಾನದ ಕೊನೆಯ ಭಾಗದಲ್ಲಿ ಮಾಡಿಸಿದವನು ಗಂಗರ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯ. 978ರಲ್ಲಿ ರಚಿತವಾದ ಚಾವುಂಡರಾಯ ಪುರಾಣದ ಕರ್ತೃವೂ ಅವನೇ. ವಿಗ್ರಹದ ಪಾದಗಳ ಇಕ್ಕೆಲಗಳಲ್ಲಿ ಚಿಕ್ಕ ಚಿಕ್ಕ ಶಾಸನಗಳಿವೆ. ಬಿ. ಎಲ್. ರೈಸ್ 1889ರಲ್ಲಿ ಬೆಳಗೊಳದ ಶಾಸನಗಳ ಸಂಪುಟವನ್ನು ಪ್ರಕಟಿಸಿದರು; ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದರು.

ಒಂದೇ ಸಂಗತಿಯನ್ನು ಅಲ್ಲಿ ಮೂರು ಭಾಷೆಗಳು ಹೇಳುತ್ತವೆ. ಕನ್ನಡದಲ್ಲಿ ‘ಶ್ರೀಚಾಮುಂಡರಾಜಂ ಮಾಡಿಸಿದಂ’. ತಮಿಳಿನಲ್ಲಿ, ಗ್ರಂಥ ಮತ್ತು ವಟ್ಟೆಳುತ್ತು ಲಿಪಿಗಳಲ್ಲಿ, ‘ಚೆಯ್ವಿತ್ತಾನ್’. ನಾಗರಿ ಲಿಪಿಯ ಮರಾಠಿಯಲ್ಲಿ ‘ಶ್ರೀಚಾವುಂಡರಾಜೇಂ ಕರವಿಯಲೇಂ’. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ 12ನೆಯ ಶತಮಾನದ ಆರಂಭದಲ್ಲಿ ವಿಗ್ರಹದ ಸುತ್ತಲೂ ಆವರಣವನ್ನು ಕಟ್ಟಿಸಿದಾಗ ಅದನ್ನೂ ಕನ್ನಡ ಮತ್ತು ಮರಾಠಿಗಳಲ್ಲಿ ದಾಖಲಿಸಲಾಯಿತು. ಮರಾಠಿಯ ಸಾಲುಗಳು ಚಾವುಂಡರಾಯನ ಕಾಲದವೋ ಗಂಗರಾಜನ ಕಾಲದವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಮತವಿದೆ. ಮರಾಠಿಯ ಅತ್ಯಂತ ಹಳೆಯ ಶಾಸನ ಯಾವುದೆಂಬ ಚರ್ಚೆಯಲ್ಲಿ ಇವುಗಳ ಜೊತೆಗೆ ಅಲಿಬಾಗ್ ಬಳಿಯ ಆಕ್ಷಿಯ ಶಾಸನದ ಹೆಸರೂ ಬರುತ್ತದೆ. ಅದೇನೇ ಇರಲಿ, ಮರಾಠಿ ನುಡಿಯ ಆದಿಮ ಲಿಖಿತ ಸಾಕ್ಷ್ಯಗಳಲ್ಲೊಂದು ಹಾಸನ ಜಿಲ್ಲೆಯ ಬೆಟ್ಟದ ಮೇಲಿದೆ. ಆ ಸಾಕ್ಷ್ಯದ ಮುಖ್ಯ ಶಬ್ದ ಒಂದು ಕ್ರಿಯಾಪದ.

ಮೂರು ಕ್ರಿಯಾಪದಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಮೂರು ಭಾಷೆಗಳ ಸ್ವಭಾವ ಕಾಣಿಸುತ್ತದೆ. ‘ಮಾಡಿಸಿದಂ’ ಎಂಬುದರ ಕೊನೆಯ ಪ್ರತ್ಯಯ ಮಾಡಿಸಿದವನನ್ನು ಸೂಚಿಸುತ್ತದೆ: ಒಬ್ಬನು, ಗಂಡಸು. ‘ಚೆಯ್ವಿತ್ತಾನ್’ ಎಂಬುದೂ ಹಾಗೆಯೇ. ‘ಕರವಿಯಲೇಂ’ ಎಂಬುದರ ಕೊನೆ ಮಾಡಿಸಿದವನ ಕಡೆಗೆ ತಿರುಗುವುದಿಲ್ಲ. ಅದು ನಪುಂಸಕ ಲಿಂಗದಲ್ಲಿದ್ದು ಆದ ಕೆಲಸದ ಕಡೆಗೆ ನೋಡುತ್ತದೆ. ಮಾಡಿಸಿದವನು ‘ಚಾವುಂಡರಾಜೇಂ’, ಅಂದರೆ ‘ಚಾವುಂಡರಾಜನಿಂದ’, ಎಂದು ತೃತೀಯೆಯಲ್ಲಿ ನಿಲ್ಲುತ್ತಾನೆ. ಈ ಭೇದ ಇಂದಿಗೂ ಜೀವಂತವಾಗಿದೆ. ಪುಣೆಯ ಮರಾಠಿಯಲ್ಲಿ ಚಹಾ ‘ಕೇಲಾ’, ಭಾಜಿ ‘ಕೇಲಿ’, ಕಾಮ ‘ಕೇಲಂ’. ಮಾಡಿದ ವಸ್ತು ಬದಲಾದಂತೆ ಕ್ರಿಯಾಪದ ಬದಲಾಗುತ್ತದೆ. ಕನ್ನಡದಲ್ಲಿ ವಸ್ತು ಏನೇ ಇರಲಿ, ನಾನು ಮಾಡಿದೆ, ಅವಳು ಮಾಡಿದಳು, ಅವರು ಮಾಡಿದರು. ಮರಾಠಿಯ ಕ್ರಿಯಾಪದ ಏನಾಯಿತೆಂದು ಹೇಳುತ್ತದೆ. ಕನ್ನಡದ ಕ್ರಿಯಾಪದ ಯಾರು ಮಾಡಿದರೆಂದು ಹೇಳುತ್ತದೆ. ಮರಾಠಿ ಕಲಿಯುವ ಕನ್ನಡಿಗರು ಮೊದಲು ಎಡವುವುದು ಇಲ್ಲಿಯೇ. ಆ ಎಡವಿಗೆ ಸಾವಿರ ವರ್ಷಗಳ ಹಿನ್ನೆಲೆಯಿದೆ.

ಗಂಗರಾಜನ ಮರಾಠಿ ಸಾಲಿನಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆವರಣಕ್ಕೆ ಅಲ್ಲಿ ಬಳಸಿದ ಶಬ್ದ ‘ಸುತ್ತಾಲೇ’. ಅದು ಕನ್ನಡದ ‘ಸುತ್ತಾಲಯ’. ‘ಸುತ್ತು’ ಎಂಬ ನಮ್ಮ ಧಾತುವಿನಿಂದ ಹುಟ್ಟಿದ್ದು. ಹೀಗೆ ಮರಾಠಿಯ ಆ ಪುಟ್ಟ ವಾಕ್ಯದಲ್ಲಿ ಕನ್ನಡದಿಂದ ಬಂದ ನಾಮಪದವಿದೆ, ಕ್ರಿಯಾಪದ ಮಾತ್ರ ಅಚ್ಚ ಮರಾಠಿ. ವಾಕ್ಯ ಯಾವ ಭಾಷೆಯದೆಂದು ತೀರ್ಮಾನಿಸುವುದು ಆ ಕ್ರಿಯಾಪದವೇ. ಎರವಲು ಬಂದ ‘ಸುತ್ತಾಲೇ’ ಮರಾಠಿಯನ್ನು ಕನ್ನಡವಾಗಿಸಲಿಲ್ಲ. ನಮ್ಮ ಮಕ್ಕಳ ಬಾಯಲ್ಲಿ ಪರಭಾಷೆಯ ನಾಮಪದ ಕೇಳಿ ಗಾಬರಿಯಾಗುವ ಮುನ್ನ ಈ ಕಲ್ಲನ್ನು ನೆನೆಯಬೇಕು.

ಮಾಡಿದವರು, ಮಾಡಿಸಿದವರು

ಬೆಳಗೊಳದ ಮೂರು ಕ್ರಿಯಾಪದಗಳೂ ಪ್ರೇರಣಾರ್ಥಕಗಳು. ಚಾವುಂಡರಾಯ ಮಾಡಲಿಲ್ಲ, ಮಾಡಿಸಿದ. ವಿಗ್ರಹವನ್ನು ಕಡೆದ ಕೈಗಳ ಹೆಸರು ಈ ಸಾಲುಗಳಲ್ಲಿಲ್ಲ. ‘ಇಸು’ ಎಂಬ ಎರಡು ಅಕ್ಷರಗಳೊಳಗೆ ಆ ಶಿಲ್ಪಿಗಳೆಲ್ಲ ಅಡಗಿಹೋಗಿದ್ದಾರೆ. ಒಂದು ಅರ್ಥದಲ್ಲಿ ಆ ಪ್ರತ್ಯಯ ಪ್ರಾಮಾಣಿಕವೂ ಹೌದು: ಕೆಲಸ ಬೇರೆಯವರ ಕೈಯಿಂದ ಆಯಿತೆಂಬುದನ್ನು ವ್ಯಾಕರಣವೇ ಒಪ್ಪಿಕೊಳ್ಳುತ್ತದೆ. ಗಂಗರಾಜನ ಕಾಲದ ಹೊತ್ತಿಗೆ ಸ್ಥಿತಿ ಸ್ವಲ್ಪ ಬದಲಾಗಿತ್ತು. ಬೇಲೂರಿನ ದೇವಾಲಯದ ಶಿಲ್ಪಗಳ ಮೇಲೆ ಬಳ್ಳಿಗಾವೆಯ ದಾಸೋಜನಂಥ ಶಿಲ್ಪಿಗಳು ತಮ್ಮ ಹೆಸರು ಕೊರೆದರು.

ಅದೇ 12ನೆಯ ಶತಮಾನದಲ್ಲಿ ಶರಣರು ಈ ಧಾತುವಿಗೆ ಬೇರೆಯದೇ ತೂಕ ಕೊಟ್ಟರು. ಉಳ್ಳವರು ಶಿವನಿಗೆ ಆಲಯ ಕಟ್ಟುವುದನ್ನೂ ಬಡವನ ಕೈಲಾಗದ ಸ್ಥಿತಿಯನ್ನೂ ಎದುರುಬದುರು ನಿಲ್ಲಿಸುವ ಬಸವಣ್ಣನವರ ಪ್ರಸಿದ್ಧ ವಚನದಲ್ಲಿ ಎರಡೂ ಕಡೆ ಬರುವುದು ‘ಮಾಡು’ ಧಾತುವೇ. ಶಾಸನಗಳ ‘ಮಾಡಿಸಿದಂ’ ಅಲ್ಲಿಲ್ಲ. ಸಿರಿವಂತನನ್ನೂ ಬಡವನನ್ನೂ ಒಂದೇ ಕ್ರಿಯಾಪದದಿಂದ ಅಳೆದು, ಆ ಅಳತೆಯಲ್ಲಿ ಬಡವನ ದೇಹವನ್ನೇ ದೇಗುಲವಾಗಿಸಿದ್ದು ಆ ವಚನದ ಬಲ. ‘ನಾನು ಮಾಡಿದೆ’ ಎಂಬ ನೆನಪೇ ಮಾಡಿದ್ದನ್ನು ಕೆಡಿಸುತ್ತದೆ ಎಂಬ ಎಚ್ಚರವನ್ನೂ ವಚನಕಾರರು ಇದೇ ಧಾತುವಿನ ಮೂಲಕ ಹೇಳಿದರು. ಕಾಯಕದ ವಿಚಾರ ಬೆಳೆದದ್ದು ಈ ನೆಲದಲ್ಲಿ.

ನಮ್ಮ ಸುತ್ತಲಿನ ಊರಿನ ಚರಿತ್ರೆಗೂ ಈ ಭೇದ ಸಲ್ಲುತ್ತದೆ. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. ಬಳಿಕ ಟೆಲ್ಕೊ ಬಂತು, ಆಕುರ್ಡಿಯ ಬಜಾಜ್ ಬಂತು. 1972ರಲ್ಲಿ ನವನಗರ ವಿಕಾಸ ಪ್ರಾಧಿಕರಣ ರಚನೆಯಾಗಿ ನಿಗಡಿಯ ಬಡಾವಣೆಗಳು ರೂಪುಗೊಂಡವು. ಇವೆಲ್ಲವನ್ನೂ ‘ಮಾಡಿಸಿದವರ’ ಹೆಸರು ಫಲಕಗಳ ಮೇಲಿವೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಪುಣೆಗೆ ದುಡಿಯಲು ಬಂದು ಇಟ್ಟಿಗೆ ಹೊತ್ತವರ, ಕಬ್ಬಿಣ ಕಟ್ಟಿದವರ, ಗಾರೆ ಕಲಸಿದವರ ಹೆಸರು ಯಾವ ಫಲಕದ ಮೇಲೂ ಇಲ್ಲ. ಪುಣೆಯಲ್ಲಿ ಕನ್ನಡವನ್ನು ಉಳಿಸುವವರು ಯಾರೆಂದು ಕೇಳಿದಾಗ ಸಭಾಂಗಣಗಳಲ್ಲಿ ಸೇರುವ ನಾವು ನಮ್ಮನ್ನೇ ನೆನೆಯುತ್ತೇವೆ. ಹೊರು, ಕಟ್ಟು, ಕಲಸು, ಅಗೆ, ತುಂಬು, ಸುರಿ ಎಂಬ ಕ್ರಿಯಾಪದಗಳು ದಿನವಿಡೀ ಕನ್ನಡದಲ್ಲಿ ಮೊಳಗುವುದು ಕಟ್ಟಡದ ಕೆಲಸ ನಡೆಯುವ ಜಾಗದಲ್ಲಿ.

ಪರಭಾಷೆಗೆ ಮೂರು ಬಾಗಿಲು

ಹೊರಗಿನ ಶಬ್ದಗಳನ್ನು ಕ್ರಿಯಾಪದವಾಗಿಸಿಕೊಳ್ಳಲು ಕನ್ನಡ ಮೂರು ಬಾಗಿಲುಗಳನ್ನು ತೆರೆಯಿತು. ಮೊದಲನೆಯದು ‘ಇಸು’. ರಚನೆಯಿಂದ ರಚಿಸು, ಭಾವದಿಂದ ಭಾವಿಸು, ಪ್ರಾರ್ಥನೆಯಿಂದ ಪ್ರಾರ್ಥಿಸು. 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣ ಬರೆಯುವ ಹೊತ್ತಿಗೆ ಈ ಬಾಗಿಲಿನಿಂದ ಅಸಂಖ್ಯ ಸಂಸ್ಕೃತ ಶಬ್ದಗಳು ಒಳಗೆ ಬಂದು ಕನ್ನಡದ ವಿಭಕ್ತಿ, ಕಾಲ, ಪುರುಷಗಳಿಗೆ ಒಗ್ಗಿಕೊಂಡಿದ್ದವು. ಎರಡನೆಯದು ‘ಆಯಿಸು’. ಬದಲಾಯಿಸು, ಚಲಾಯಿಸು, ಜಮಾಯಿಸು ಇವು ಮರಾಠಿ ಹಿಂದುಸ್ತಾನಿಗಳ ಸಂಪರ್ಕದಿಂದ ಬೆಳೆದವು. ಉತ್ತರ ಕರ್ನಾಟಕದ ಪತ್ರಿಕೆಗಳ ‘ಫೋನಾಯಿಸು’ ಇದೇ ಅಚ್ಚಿನಲ್ಲಿ ಎರಕ ಹೊಯ್ದದ್ದು.

ಮೂರನೆಯ ಬಾಗಿಲು ‘ಮಾಡು’. ಬಹಮನಿ, ಆದಿಲಶಾಹಿ, ಪೇಶ್ವೆ ಆಡಳಿತಗಳ ಕಾಲದಲ್ಲಿ ಫಾರಸಿ ಅರಬ್ಬಿ ಮೂಲದ ಶಬ್ದಗಳು ಮರಾಠಿ ಕನ್ನಡಗಳೆರಡಕ್ಕೂ ಬಂದಾಗ ಈ ಬಾಗಿಲು ಅಗಲವಾಯಿತು. ಜಮಾ ಮಾಡು, ಖರ್ಚು ಮಾಡು, ವಸೂಲಿ ಮಾಡು, ಜಪ್ತಿ ಮಾಡು, ಮಂಜೂರು ಮಾಡು, ರದ್ದು ಮಾಡು. ಮರಾಠಿಯೂ ಇದೇ ಶಬ್ದಗಳಿಗೆ ‘ಕರಣೇ’ ಸೇರಿಸಿಕೊಂಡಿತು. ಬಳಿಕ ಇಂಗ್ಲಿಷ್ ಬಂದಾಗ ಹಾದಿ ಸಿದ್ಧವಾಗಿತ್ತು: ಫೋನ್ ಮಾಡು, ಚೆಕ್ ಮಾಡು, ಸಹಿಯ ಬದಲಿಗೆ ಸೈನ್ ಮಾಡು. ತಮಿಳರ ‘ಪಣ್ಣು’, ತೆಲುಗರ ‘ಚೇಯು’, ಹಿಂದಿಯ ‘ಕರ್ನಾ’ ಎಲ್ಲವೂ ಇದೇ ಚಾಕರಿಯಲ್ಲಿವೆ.

ಈ ಮೂರನೆಯ ಬಾಗಿಲು ಕನ್ನಡವನ್ನು ಕಾಪಾಡಿದೆ ಎಂಬುದನ್ನು ಮರೆಯಬಾರದು. ‘ಜಪ್ತಿ’ ಎಲ್ಲಿಂದಲೋ ಬಂತು. ‘ಜಪ್ತಿ ಮಾಡದಿದ್ದರೆ’, ‘ಜಪ್ತಿ ಮಾಡಿಕೊಂಡವರು’, ‘ಜಪ್ತಿ ಮಾಡಿಸಬಾರದಿತ್ತು’ ಎಂಬ ರೂಪಗಳೆಲ್ಲ ನೂರಕ್ಕೆ ನೂರು ಕನ್ನಡ. ಹೊಸ ಸರಕು ಬಂದರೂ ಬೀಗದ ಕೈ ಮನೆಯವರ ಕೈಯಲ್ಲಿಯೇ ಉಳಿಯಿತು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನವನ್ನು ಅಭ್ಯಸಿಸಿದ ಡಿ. ಎನ್. ಶಂಕರ ಭಟ್ಟರು ಕ್ರಿಯಾಪದವನ್ನು ‘ಎಸಕಪದ’ ಎಂದು ಕರೆದರು. ಸಂಸ್ಕೃತದ ಚೌಕಟ್ಟನ್ನು ಬದಿಗಿಟ್ಟು ಕನ್ನಡದ ವಾಕ್ಯವನ್ನು ಕನ್ನಡದ ಕಣ್ಣಿನಿಂದ ನೋಡಬೇಕೆಂಬುದು ಅವರ ಜೀವಮಾನದ ವಾದವಾಗಿತ್ತು. ಆ ಕಣ್ಣಿನಿಂದ ನೋಡಿದರೆ ವಾಕ್ಯದ ಕೊನೆಯಲ್ಲಿ ಕುಳಿತ ಎಸಕಪದವೇ ಮನೆಯ ಯಜಮಾನ.

ಕುಪವಾಡದ ಪಾಠ

ಮಹಾರಾಷ್ಟ್ರದ ನೆಲದಲ್ಲಿಯೇ ಇದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 1971ರಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಊರಿನ ಬಗ್ಗೆ ಪ್ರಬಂಧ ಪ್ರಕಟಿಸಿದರು. ಆಗ ಅದು ಸುಮಾರು 3,000 ಜನರ ಹಳ್ಳಿ. ಅಲ್ಲಿ ಜೈನರು ಮತ್ತು ಲಿಂಗಾಯತರು ಮನೆಯಲ್ಲಿ ಕನ್ನಡ ಆಡುತ್ತಿದ್ದರು, ಮುಸ್ಲಿಮರು ಉರ್ದು. ಬೀದಿಯ ಭಾಷೆ ಮರಾಠಿ. ತಲೆಮಾರುಗಳ ಸಹವಾಸದಿಂದ ಮೂರು ಭಾಷೆಗಳ ವಾಕ್ಯರಚನೆ ಬಹುಮಟ್ಟಿಗೆ ಒಂದೇ ಆಗಿಬಿಟ್ಟಿತ್ತು. ‘ಸೊಪ್ಪು ಕೊಯ್ದು ತಗೊಂಡು ಬಂದೆ’ ಎಂಬಂಥ ಮಾತನ್ನು ಪದಕ್ಕೆ ಪದವಿಟ್ಟು, ಪ್ರತ್ಯಯಕ್ಕೆ ಪ್ರತ್ಯಯವಿಟ್ಟು ಮೂರರಲ್ಲಿ ಯಾವುದಕ್ಕೆ ಬೇಕಾದರೂ ಬದಲಿಸಬಹುದಿತ್ತು.

ಆದರೂ ಮೂರೂ ಒಂದಾಗಲಿಲ್ಲ. ಕೊಯ್ಯುವುದು, ತರುವುದು, ಬರುವುದು ಇವಕ್ಕೆ ಪ್ರತಿಯೊಂದು ಭಾಷೆಯೂ ತನ್ನದೇ ಧಾತುಗಳನ್ನು ಇಟ್ಟುಕೊಂಡಿತ್ತು. ಬೀದಿಯಲ್ಲಿ ಎಲ್ಲರಿಗೂ ಮರಾಠಿ ಬರುತ್ತಿದ್ದರೂ ಮನೆಯ ಹೊಸ್ತಿಲು ದಾಟಿದೊಡನೆ ನುಡಿ ಬದಲಾಗುತ್ತಿತ್ತು. ಮನೆಮಾತು ಬಂಧುತ್ವದ ಗುರುತಾಗಿತ್ತು. ರಚನೆ ಒಂದಾದರೂ ಅಲ್ಲಿಯ ಕನ್ನಡ ಕನ್ನಡವಾಗಿಯೇ ಉಳಿದದ್ದಕ್ಕೆ ಈ ಎರಡೂ ಆಧಾರವಾಗಿದ್ದವು: ಮನೆಯೊಳಗಿನ ಬಳಕೆ, ಸ್ವಂತ ಧಾತುಗಳು.

ನಮ್ಮ ಮನೆಗಳ ಲೆಕ್ಕ

ಇಲ್ಲಿಗೆ ನಮ್ಮ ಪ್ರಶ್ನೆ ಎದುರಾಗುತ್ತದೆ. ‘ಮಾಡು’ ಎಂಬ ಕಾವಲುಗಾರ ಈಗ ನಮ್ಮ ಮನೆಗಳಲ್ಲಿ ಬೇರೆ ಧಾತುಗಳನ್ನು ಹೊರಗೆ ಕಳುಹಿಸುತ್ತಿದ್ದಾನೆ. ಫಾರಸಿಯಿಂದ ‘ಜಪ್ತಿ ಮಾಡು’ ಬಂದಾಗ ಒಂದು ಹೊಸ ಆಡಳಿತದ ಕ್ರಮಕ್ಕೆ ಹೊಸ ಮಾತು ಸಿಕ್ಕಿತು. ‘ವೇಟ್ ಮಾಡು’ ಬಂದಾಗ ‘ಕಾಯು’ ಹೋಗುತ್ತದೆ. ‘ಪ್ಲೇ ಮಾಡು’ ಬಂದಾಗ ‘ಆಡು’ ಹೋಗುತ್ತದೆ. ‘ಯೂಸ್ ಮಾಡು’ ಬಂದಾಗ ‘ಬಳಸು’, ‘ಸರ್ಚ್ ಮಾಡು’ ಬಂದಾಗ ‘ಹುಡುಕು’ ಹೋಗುತ್ತವೆ. ನಷ್ಟ ಒಂದಕ್ಕೆ ಒಂದರಂತೆ ಇದ್ದರೂ ಸಹಿಸಬಹುದಿತ್ತು. ‘ಕಟ್ ಮಾಡು’ ಎಂಬ ಒಂದೇ ಮಾತು ಎಷ್ಟನ್ನು ನುಂಗುತ್ತದೆಂದು ನೋಡಿ: ಕಾಯಿಪಲ್ಲೆ ಹೆಚ್ಚುವುದು, ಬೆಳೆ ಕೊಯ್ಯುವುದು, ಮರ ಕಡಿಯುವುದು, ಕಟ್ಟಿಗೆ ಸೀಳುವುದು, ಕೂದಲು ಕತ್ತರಿಸುವುದು, ದಂಟು ಮುರಿಯುವುದು. ‘ಕ್ಲೀನ್ ಮಾಡು’ ಎಂಬುದು ಗುಡಿಸು, ಸಾರಿಸು, ಒರೆಸು, ತೊಳೆ, ಒಗೆ, ಬೆಳಗು, ತಿಕ್ಕು, ಝಾಡಿಸು ಇಷ್ಟನ್ನೂ ನುಂಗುತ್ತದೆ. ಒಂದೊಂದು ಧಾತುವಿನ ಹಿಂದೆಯೂ ಒಂದೊಂದು ಕೈಚಳಕವಿದೆ. ನೆಲ ಸಾರಿಸುವಾಗ ಕೈ ಚಲಿಸುವ ರೀತಿ ಬೇರೆ, ಪಾತ್ರೆ ಬೆಳಗುವಾಗ ಚಲಿಸುವ ರೀತಿ ಬೇರೆ.

ಹಿಂದೆ ಹೇಳಿದ ಇಂಗ್ಲಿಷಿನ ‘ಡೂ’ ಇಲ್ಲಿ ನೆನಪಾಗಬೇಕು. ಅದು ಸಹಾಯಕನಾಗಿ ಬಂದು ಮುಖ್ಯ ಕ್ರಿಯಾಪದಗಳನ್ನು ಉಳಿಸಿತು. ನಮ್ಮ ‘ಮಾಡು’ ಸಹಾಯಕನ ವೇಷದಲ್ಲಿಯೇ ಬಂದು ಮುಖ್ಯ ಸ್ಥಾನವನ್ನು ಪರಭಾಷೆಗೆ ಬಿಟ್ಟುಕೊಡುತ್ತಿದೆ. ತಪ್ಪು ಧಾತುವಿನದಲ್ಲ, ಅದಕ್ಕೆ ಅಷ್ಟು ದುಡಿಮೆ ಹೇರಿದವರು ನಾವು. ವಾಕ್ಯದ ಕೊನೆಯಲ್ಲಿ ‘ಮಾಡು’ ಇರುವವರೆಗೆ ಮಗು ಕನ್ನಡ ಆಡುತ್ತಿದೆ ಎಂದು ನಾವು ಸಮಾಧಾನ ಪಡುತ್ತೇವೆ. ಆ ಸಮಾಧಾನ ಅರ್ಧ ಸತ್ಯ. ಕೀಲು ಗಟ್ಟಿಯಾಗಿದೆ, ಅದಕ್ಕೆ ತೂಗಿದ ಬಾಗಿಲು ಒಂದೊಂದೇ ಹಲಗೆ ಕಳಚಿಕೊಳ್ಳುತ್ತಿದೆ.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಶಾಲೆಯ ಗೆಳೆಯರೊಡನೆ ಮರಾಠಿ ಆಡುವಾಗ ಇದೇ ಮಕ್ಕಳಿಗೆ ಭಾಜಿ ‘ಚಿರಣೇ’, ಬಟ್ಟೆ ‘ಧುಣೇ’, ಭಾಕರಿ ‘ಥಾಪಣೇ’ ಎಂಬ ಶಬ್ದಗಳು ಗೊತ್ತಿರುತ್ತವೆ. ಅವನ್ನು ಕಲಿಸಿದ್ದು ಪುಸ್ತಕವಲ್ಲ, ನೆರೆಮನೆಯ ಅಡುಗೆಮನೆ. ಹಾಗಾದರೆ ಕನ್ನಡದ ಧಾತುಗಳಿಗೂ ಪಾಠಶಾಲೆ ಅದೇ. ವಾರಕ್ಕೊಮ್ಮೆ ನಡೆಯುವ ಕನ್ನಡ ತರಗತಿಯಲ್ಲಿ ವರ್ಣಮಾಲೆ ಕಲಿಸಬಹುದು, ಪ್ರಾಣಿಪಕ್ಷಿಗಳ ಹೆಸರು ಕಲಿಸಬಹುದು. ಕ್ರಿಯಾಪದವನ್ನು ಕ್ರಿಯೆಯಿಲ್ಲದೆ ಕಲಿಸುವುದು ಕಷ್ಟ. ರೊಟ್ಟಿ ಬಡಿಯುವಾಗ, ದೋಸೆ ಹುಯ್ಯುವಾಗ, ಚಕ್ಕುಲಿ ಒತ್ತುವಾಗ, ಮೊಸರು ಕಡೆಯುವಾಗ, ಗಂಜಿ ಬಸಿಯುವಾಗ ಮಗು ಹತ್ತಿರವಿದ್ದು ಒಂದು ಕೈ ಹಾಕಿದರೆ ಧಾತು ತಾನಾಗಿ ಅಂಟುತ್ತದೆ. ಎಲ್ಲ ಕೆಲಸವನ್ನೂ ಮಾಡಿಸಿಕೊಳ್ಳುವ ಮನೆಯಲ್ಲಿ ‘ಮಾಡಿಸು’ ಒಂದೇ ಉಳಿಯುತ್ತದೆ.

ಪರಭಾಷೆಯ ಶಬ್ದಗಳ ಮೇಲೆ ಪಹರೆ ಕೂರಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ‘ಫೋನ್ ಮಾಡು’ ಎಂಬುದಕ್ಕೆ ಅಚ್ಚಗನ್ನಡದ ಬದಲಿ ಹುಡುಕುವ ತುರ್ತು ಯಾರಿಗೂ ಇಲ್ಲ. ಫೋನು ಬರುವ ಮೊದಲು ಆ ಕ್ರಿಯೆಯೇ ಇರಲಿಲ್ಲ. ನಮ್ಮಲ್ಲಿ ಧಾತುವಿರುವ ಕಡೆ ಆ ಧಾತುವನ್ನೇ ಆಡುವುದು, ಇಲ್ಲದ ಕಡೆ ‘ಮಾಡು’ ಎಂಬುದನ್ನು ಕರೆಯುವುದು, ಇಷ್ಟು ವಿವೇಕ ಸಾಕು. ಕನ್ನಡ ಸಾವಿರ ವರ್ಷ ನಡೆದುಕೊಂಡ ರೀತಿಯೂ ಇದೇ. ಈ ವಾರ ನಮ್ಮ ಓದುಗರು ತಮ್ಮ ಮನೆಯ ಅಡುಗೆಮನೆಯಲ್ಲಿ, ಹಿತ್ತಲಲ್ಲಿ, ಬಚ್ಚಲಲ್ಲಿ ನಡೆಯುವ ಕೆಲಸಗಳಿಗೆ ತಮ್ಮ ಅಜ್ಜಿ ಬಳಸುತ್ತಿದ್ದ ಕ್ರಿಯಾಪದಗಳನ್ನು ಒಂದು ಹಾಳೆಯ ಮೇಲೆ ಬರೆಯಲಿ. ‘ಮಾಡು’ ಸೇರದ ಶಬ್ದಗಳನ್ನು ಮಾತ್ರ ಬರೆಯಬೇಕು. ನಾವು ನಿಗಡಿಯಲ್ಲಿ ಬರೆಯತೊಡಗಿದ್ದೇವೆ. ಧಾರವಾಡದ ಮನೆಯ ಪಟ್ಟಿಯಲ್ಲಿರುವುದು ಮೈಸೂರಿನ ಮನೆಯಲ್ಲಿಲ್ಲ, ಮಂಗಳೂರಿನ ಮನೆಯಲ್ಲಿರುವುದು ಇವೆರಡರಲ್ಲೂ ಇಲ್ಲ. ಪಟ್ಟಿಗಳನ್ನು ಕೂಡಿಸಿದಾಗ ನಮ್ಮೆಲ್ಲರ ಕನ್ನಡ ನಾವು ಎಣಿಸಿದ್ದಕ್ಕಿಂತ ದೊಡ್ಡದಾಗಿ ಕಾಣುತ್ತಿದೆ.